ಬಾಗಿಲು ತೆಗೆದವಳ ಮುಖ

ದಾಮಣ್ಣಾ,

ಪತ್ರದಲ್ಲಿ ಮೊದಲು ಕ್ಷೇಮ ಕೇಳಬೇಕು ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ನಿಮ್ಮ ಕ್ಷೇಮವನ್ನು ನಾನು ಯಾರಲ್ಲಿ ಕೇಳಲಿ? ಸತ್ತವರನ್ನು ಇಷ್ಟು ವರ್ಷ ಸಿನಿಮಾದೊಳಗೆ ಓಡಾಡಿಸಿದವರು ನೀವು. ಅಲ್ಲಿಯ ಸಮಾಚಾರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಇಲ್ಲಿಯದ್ದನ್ನೇ ಹೇಳುತ್ತೇನೆ. ಒಂದು ದೊಡ್ಡ ಸುದ್ದಿ ಉಂಟು. ಆದರೆ ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ನಿಮಗೆ ನೆನಪಿರಬಹುದು: ಕಥೆಯನ್ನು ಬಾಲದಿಂದ ಹಿಡಿದರೆ ಅದು ತಿರುಗಿ ಕಚ್ಚುತ್ತದೆ. ಹಾಗಾಗಿ ತಲೆಯಿಂದಲೇ ಬರುತ್ತೇನೆ. ನಿಮಗೂ ಈಗ ಅವಸರವೇನೂ ಇರಲಿಕ್ಕಿಲ್ಲ.

ನೀವು ಮೊದಲ ಸಲ ಕಾರ್ಕಳದ ಹತ್ತಿರದ ನಮ್ಮ ಮನೆಗೆ ಬಂದದ್ದು ಕಥೆ ಕೇಳಲಿಕ್ಕಲ್ಲ, ಕ್ಯಾಮೆರಾದ ಬ್ಯಾಟರಿ ಚಾರ್ಜ್ ಮಾಡಲಿಕ್ಕೆ. ಪಕ್ಕದ ಮನೆಯಲ್ಲಿ ಮದುವೆ. ಕಡಿಯಾಳಿಯ ವಿಡಿಯೋ ಸ್ಟುಡಿಯೋದವರು ಎಂದು ನಿಮ್ಮನ್ನು ಕರೆಸಿದ್ದರು. ಅಲ್ಲಿ ಕರೆಂಟು ಹೋಗಿತ್ತು, ನಮ್ಮಲ್ಲಿ ಇತ್ತು. ನಮ್ಮ ಜಗಲಿಯಲ್ಲಿ ಎಂದಿನಂತೆ ನೆರೆಕರೆಯ ಹೆಂಗಸರೆಲ್ಲ ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ಅಜ್ಜಿಯಿಂದ ಕಲಿತ ಒಂದು ಕಥೆ ಹೇಳುತ್ತಿದ್ದೆ, ಬಾವಿಯೊಳಗಿನಿಂದ ಕೊಡವನ್ನು ಹಿಡಿದೆಳೆಯುವ ಹೆಂಗಸಿನದ್ದು. ಬೀಡಿ ಕಟ್ಟುವವರಿಗೆ ಕಣ್ಣೂ ಕೈಯೂ ಕೆಲಸದಲ್ಲಿರುತ್ತವೆ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗೆ ಕಥೆ ತುಂಬುವುದು ನಮ್ಮ ಮನೆಯ ಕೆಲಸವಾಗಿತ್ತು. ನೀವು ಗೋಡೆಗೆ ಒರಗಿ ಕುಳಿತಿರಿ. ನಾನು ಹುರುಪಿನಿಂದ ಕಣ್ಣು ಅಗಲಿಸಿ, ದನಿ ಇಳಿಸಿ ಹೇಳುತ್ತಿದ್ದರೆ ನೀವು ನನ್ನತ್ತ ನೋಡಲೇ ಇಲ್ಲ! ಹೆಂಗಸರ ಕೈಗಳನ್ನೇ ನೋಡುತ್ತಿದ್ದಿರಿ. ನನಗೆ ಸಿಟ್ಟು ಬಂದಿತ್ತು.

ಕಥೆ ಮುಗಿದ ಮೇಲೆ ನೀವು ಕೇಳಿದ್ದು ಈಗಲೂ ಕಿವಿಯಲ್ಲಿ ಉಂಟು. "ನಿನ್ನ ಹೆಸರು ಎಂತ?"

"ಸುಗಂಧಿ."

"ನೋಡು ಸುಗಂಧೀ, ಆ ಹೆಂಗಸಿನ ಕೂದಲು, ಹಲ್ಲು, ಉಗುರು ಎಲ್ಲ ಹೇಳಿದೆಯಲ್ಲ, ಆಗ ಇವರ ಕೈ ನಿಲ್ಲಲೇ ಇಲ್ಲ. ಹಗ್ಗ ಸಡಿಲಾಯಿತು, ಮತ್ತೆ ಯಾರೋ ಮೆಲ್ಲ ಎಳೆದ ಹಾಗೆ ಆಯಿತು ಅಂದೆ ನೋಡು, ಆಗ ಎಲ್ಲರ ಕೈಯೂ ನಿಂತಿತು. ಕತ್ತರಿ ಹಿಡಿದವರ ಕತ್ತರಿ ಅಲ್ಲಿಗೇ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಉಂಟು ಕಥೆ. ಉಳಿದದ್ದೆಲ್ಲ ಬರೀ ಮೇಕಪ್ಪು."

ನಮ್ಮ ಅಜ್ಜಿ ಎಲೆ ಕತ್ತರಿಸುತ್ತಲೇ, "ಮದುವೆಗೆ ಬಂದವರು ನೀವು. ಅಲ್ಲಿ ಧಾರೆ ಮುಗಿಯಿತೋ ಏನೋ, ಇಲ್ಲಿ ಕೂತು ಹೆಂಗಸರ ಕೈ ನೋಡ್ತೀರಲ್ಲ ಮಾರಾಯ್ರೇ" ಎಂದರು. ನೀವು ಎದ್ದು ಓಡಿದ್ದು ನೋಡಬೇಕಿತ್ತು! ಧಾರೆ ಮುಗಿದೇ ಹೋಗಿತ್ತು. ಆ ಮದುಮಗ ಈಗಲೂ ಸಿಕ್ಕಿದಾಗ ಹೇಳುತ್ತಾನೆ, ತನ್ನ ಮದುವೆಯ ಕ್ಯಾಸೆಟ್ಟಿನಲ್ಲಿ ಊಟ ಮಾತ್ರ ಉಂಟು, ಮದುವೆ ಇಲ್ಲ ಎಂದು.

ಅದರ ಮುಂದಿನ ಆಟಿಯಲ್ಲಿ, ಆಷಾಢದ ಹೊತ್ತಿನ ಜಡಿಮಳೆಯ ತಿಂಗಳಲ್ಲಿ, ನೀವು ಮತ್ತೆ ಬಂದಿರಿ. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ನಿಮ್ಮ ಕ್ಯಾಮೆರಾಕ್ಕೆ ಕೆಲಸ ಇಲ್ಲ. "ಕೆಲಸ ಇಲ್ಲದ ಕ್ಯಾಮೆರಾದಲ್ಲಿ ದೆವ್ವ ಹಿಡಿಯುವ" ಎಂದಿರಿ. ನಿಮ್ಮ ಎಲ್ಲ ಸಿನಿಮಾಗಳೂ ಆಟಿಯಲ್ಲಿಯೇ ಹುಟ್ಟಿದ್ದು ಹಾಗೆ. ಜನ ಮಾತ್ರ ಅದಕ್ಕೆ ಏನೇನೋ ಗೂಢಾರ್ಥ ಕಟ್ಟಿದರು. ಒಬ್ಬರು ವೇದಿಕೆಯಲ್ಲೇ, "ಆಟಿಯ ಕತ್ತಲನ್ನು ಇವರು ರೂಪಕವಾಗಿ ಬಳಸಿದ್ದಾರೆ" ಎಂದು ಭಾಷಣ ಮಾಡಿದಾಗ ನೀವು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದಿರಿ.

ಎರ್ಮಾಳಿನ ಆ ಮನೆ ನೆನಪಾದರೆ ನನಗೆ ಇವತ್ತಿಗೂ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ. ನಿಮ್ಮ ಮೊದಲ ಸಿನಿಮಾ 'ತೆಂಕು ಕೋಣೆ'. ಸತ್ತ ಮದುಮಗಳೊಬ್ಬಳು ಸಂಜೆ ಸಂಜೆ ಮನೆಗೆ ಬರುವ ಕಥೆ. ಕಡಲ ಬದಿಯಲ್ಲಿದ್ದ ಕಲ್ಯಾಣಕ್ಕನ ಮನೆಯನ್ನು ಕೇಳಿಕೊಂಡು ಚಿತ್ರೀಕರಣಕ್ಕೆ ನಿಂತಿದ್ದೆವು. ಗಂಡ, ಮೈದುನ ಎಲ್ಲ ದೋಣಿಯವರು. ಕಲ್ಯಾಣಕ್ಕ ಮೀನು ಮಾರಿ ಬಂದು, ನಮಗೆಲ್ಲ ಚಹಾ ಮಾಡಿಕೊಟ್ಟು, ಆಮೇಲೆ ನಮ್ಮನ್ನು ಬೈಯುತ್ತಿದ್ದರು. ಮದುಮಗಳ ಪಾತ್ರಕ್ಕೆ ಬಂದವಳು ಪ್ರತಿಮಾ. ಉಡುಪಿಯ ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದ ಹುಡುಗಿ, ಹಸಿವು ಎಂದರೆ ಹಸಿವು ಅವಳಿಗೆ! ಆ ದಿನ ಬೆಳಗ್ಗಿನಿಂದ ಮುಖಕ್ಕೆ ಬಿಳಿ ಬಳಿದು, ತುಟಿಗೆ ಕೆಂಪು ಹಚ್ಚಿ, ಅವಳನ್ನು ಹಿಂದಿನ ಜಗಲಿಯಲ್ಲಿ ಕೂರಿಸಿ ನೀವು ಮರೆತೇಬಿಟ್ಟಿದ್ದಿರಿ. ಬೆಳಕು ಸರಿಯಿಲ್ಲ ಎಂದು ಆಕಾಶಕ್ಕೆ ಬೈಯುತ್ತಾ ಅಂಗಳದಲ್ಲಿದ್ದಿರಿ.

ಅದೇ ಸಂಜೆ ಕಲ್ಯಾಣಕ್ಕ ತಮ್ಮ ಮನೆಯ ಕುಲೆಗಳಿಗೆ ಬಡಿಸುವವರಿದ್ದರು. ಆಟಿಯಲ್ಲಿ ಸತ್ತವರು ಹಸಿದು ಮನೆಗೆ ಬರುತ್ತಾರೆ, ಅವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಸ್ವಲ್ಪ ಹೊತ್ತು ಹೊರಗೆ ಕಾದು, ಮತ್ತೆ ಕೆಮ್ಮಿ ಬಾಗಿಲು ತೆಗೆಯುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಕೆಮ್ಮುವುದು ಏಕೆಂದರೆ, ಉಣ್ಣುವವರನ್ನು ಗಾಬರಿಪಡಿಸಬಾರದಲ್ಲ! ಕಲ್ಯಾಣಕ್ಕನ ತಂಗಿ ಲೀಲಾ ಮದುವೆ ಗೊತ್ತಾದ ವರ್ಷವೇ ಜ್ವರದಲ್ಲಿ ತೀರಿಕೊಂಡವಳು. ಅವಳಿಗೆಂದೇ ಬಂಗುಡೆ ಮೀನಿನ ಪದಾರ್ಥ, ಕಡುಬು, ಒಂದು ಲೋಟ ನೀರು ಇಟ್ಟು ಕಲ್ಯಾಣಕ್ಕ ಬಾಗಿಲು ಎಳೆದರು. ಆ ಕೋಣೆಗೆ ಹಿಂದಿನ ಜಗಲಿಯಿಂದ ಇನ್ನೊಂದು ಬಾಗಿಲಿತ್ತು. ಅಲ್ಲಿ ಕುಳಿತ ಪ್ರತಿಮಾಳಿಗೆ ಬಂಗುಡೆಯ ಪರಿಮಳ ಬಂತು. ಪಾಪ, ತನಗೇ ಇಟ್ಟದ್ದೆಂದು ತಿಳಿದು ಒಳಗೆ ಹೋಗಿ ಉಂಡು, ಕೈ ತೊಳೆದು, ಬಂದು ಮೊದಲಿನ ಹಾಗೆಯೇ ಕುಳಿತಳು.

ಕಲ್ಯಾಣಕ್ಕ ಕೆಮ್ಮಿದರು, ಬಾಗಿಲು ತೆಗೆದರು. ಎಲೆ ಖಾಲಿ. ಮುಳ್ಳು ಮಾತ್ರ ಬದಿಗೆ ಸರಿಸಿ ಇಟ್ಟದ್ದು ಉಂಟು. ನೀವೂ ನಾನೂ ಆಗ ಅಂಗಳದಿಂದ ಒಳಗೆ ಬರುತ್ತಿದ್ದೆವು. ದಾಮಣ್ಣಾ, ಆ ಮುಖ... ಹೆದರಿಕೆ ಎಂದರೆ ಹೆದರಿಕೆ ಅಲ್ಲ, ಸಂತೋಷ ಎಂದರೆ ಸಂತೋಷವೂ ಅಲ್ಲ. ಬಾಗಿಲ ದಾರಂದವನ್ನು ಹಿಡಿದುಕೊಂಡು ಅವರು ಕೇಳಿದ್ದು ಇಷ್ಟೇ: "ಸಾಕಾಯಿತಾ, ಲೀಲಾ?" ಮತ್ತೆ ಅಲ್ಲಿಯೇ ಕುಳಿತು ಅತ್ತರು. ಹಿಂದಿನಿಂದ ಪ್ರತಿಮಾ ತೇಗಿದ್ದು ನನಗೂ ನಿಮಗೂ ಮಾತ್ರ ಕೇಳಿಸಿತು.

ಅವತ್ತು ನೀವು ಸತ್ಯ ಹೇಳಲಿಲ್ಲ. ಆ ಮುಖದ ಎದುರು ನಿಂತು ಹೇಳುವುದು ಯಾರಿಂದ ಸಾಧ್ಯವಿತ್ತು? ಆದರೆ ಮರುದಿನ ನೀವು ಕಷ್ಟಪಟ್ಟು ಮಾಡಿಸಿದ್ದ ದೆವ್ವದ ಹಲ್ಲುಗಳನ್ನು ಕಡಲಿಗೆ ಎಸೆದಿರಿ. "ತೋರಿಸುವುದು ಬೇಡ ಸುಗಂಧೀ. ಬಂದವರನ್ನು ತೋರಿಸುವುದು ಬೇಡ. ಬಾಗಿಲು ತೆಗೆದವರ ಮುಖ ತೋರಿಸಿದರೆ ಸಾಕು" ಎಂದಿರಿ. ಆ ಮುಖ ಮಾತ್ರ ನಿಮ್ಮ ಕ್ಯಾಮೆರಾದಲ್ಲಿ ಬಂದಿರಲಿಲ್ಲ. ಅದನ್ನು ಮತ್ತೆ ಹಿಡಿಯಬೇಕೆಂದೇ ನೀವು ಉಳಿದ ಅಷ್ಟೂ ಸಿನಿಮಾ ಮಾಡಿದಿರಿ ಎಂದು ನಾನು ಹೇಳಿದರೆ ಒಪ್ಪುತ್ತೀರಾ?

'ತೆಂಕು ಕೋಣೆ'ಯನ್ನು ಕಾರ್ಕಳದ ಒಂದು ಯುವಕ ಮಂಡಲದ ಹಾಲಿನಲ್ಲಿ ಟಿ.ವಿ. ಮತ್ತು ಡೆಕ್ ಇಟ್ಟು ತೋರಿಸಿದ ಸಂಜೆಯನ್ನು ನೆನೆಸಿಕೊಳ್ಳಿ. ಜನ ಕಿರುಚುತ್ತಾರೆ ಎಂದು ನೀವು ಬಾಗಿಲಿನ ಹತ್ತಿರ ನಿಂತು ಕಾಯುತ್ತಿದ್ದಿರಿ. ಸತ್ತ ಮದುಮಗಳ ಹೆಜ್ಜೆಯ ಸದ್ದು ಅಡುಗೆಮನೆಯ ಹೊರಗೆ ಬಂದು ನಿಂತಾಗ ಯಾರೂ ಕಿರುಚಲಿಲ್ಲ. ಎದುರು ಸಾಲಿನಲ್ಲಿದ್ದ ಒಬ್ಬ ಹೆಂಗಸು ಪರದೆಯ ಕಡೆ ಕೈ ನೀಡಿ, "ಅಯ್ಯೋ, ಆ ಮಗುವಿಗೆ ಒಂದು ಎಲೆ ಹಾಕಿ ಮಾರಾಯ್ರೇ!" ಎಂದು ಕೂಗಿದರು. ಹಾಲಿಡೀ ಮೂಗು ಒರೆಸಿಕೊಳ್ಳುತ್ತಿತ್ತು. ನಿಮ್ಮ ಮುಖ ಸಪ್ಪಗಾಯಿತು. "ಹೆದರಿಸಲಿಕ್ಕೆ ಹೋದೆ, ಅಳಿಸಿಬಿಟ್ಟೆನಲ್ಲ. ನಾನು ಸೋತೆ" ಎಂದಿರಿ. ಆದರೆ ಆ ಕ್ಯಾಸೆಟ್ಟು ಊರೂರು ಸುತ್ತಿತು. ನಮ್ಮ ಜನಕ್ಕೆ ಸತ್ತವರು ಎಂದರೆ ಹೆದರಿಕೆಯಲ್ಲ, ಅವರು ಹಸಿದು ಹಿಂದೆ ಹೋದಾರು ಎಂಬುದೇ ಹೆದರಿಕೆ. ಅದನ್ನು ನಿಮಗೆ ಹೇಳಿಕೊಟ್ಟದ್ದು ಆ ಹಾಲಿನ ಜನ.

ಮತ್ತೆ ನೀವು ಆಕಾಶದ ಕಡೆ ನೋಡಲು ಸುರು ಮಾಡಿದಿರಿ. 'ಉಪ್ಪುನೀರಿನ ಮನುಷ್ಯ'ನಲ್ಲಿ ಬೇರೆ ಲೋಕದವನೊಬ್ಬ ಎರ್ಮಾಳಿನ ಕಡಲಿನಿಂದ ನಡೆದು ಬರಬೇಕು. ಸೈಕಲ್ ಟ್ಯೂಬು, ಥರ್ಮಾಕೋಲು, ಹಳೆಯ ಟಿ.ವಿ.ಯ ತಂತಿ ಸೇರಿಸಿ ವೇಷ ಕಟ್ಟಿದ್ದೆವು. ಅವನು ನೀರಿನಿಂದ ಏಳುತ್ತಿದ್ದಂತೆ ದಡದ ನಾಯಿಗಳು ಅಟ್ಟಿಸಿಕೊಂಡು ಬಂದವು. ಬೇರೆ ಲೋಕದವ ಒಂದು ಕಾಲಿನ ಟ್ಯೂಬು ಬಿಟ್ಟು ತೆಂಗಿನ ಮರ ಹತ್ತಿದ! ಮೀನಿನ ಬುಟ್ಟಿ ಹೊತ್ತ ಕಲ್ಯಾಣಕ್ಕ ಕೆಳಗೆ ನಿಂತು, "ಇಳಿ ಮಗಾ, ಅವು ಎಂತ ಮಾಡುವುದಿಲ್ಲ, ಒಂದು ಬೂತಾಯಿ ಮೀನು ಬಿಸಾಡಿದರೆ ಆಯಿತು" ಎಂದರು. ಆ ಮಾತನ್ನೂ ನಾಯಿಗಳನ್ನೂ ನೀವು ಹಾಗೆಯೇ ಸಿನಿಮಾದಲ್ಲಿ ಇಟ್ಟುಕೊಂಡಿರಿ. ದೂರದ ಊರಿನವರು ಅದನ್ನು ಹೊಸ ಬಗೆಯ ವಿಜ್ಞಾನ ಕಥೆ ಎಂದು ಹೊಗಳಿದರು. ನಮ್ಮವರಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಬಂದವನು ಯಾರೇ ಆಗಲಿ, ನಾಯಿಯಿಂದ ಕಾಪಾಡಬೇಕಲ್ಲ!

ಮಣಿಪಾಲದ ಆಸ್ಪತ್ರೆಯ ಆ ಮಧ್ಯಾಹ್ನವನ್ನು ನಾನು ಬೇಕೆಂದೇ ಇಷ್ಟು ಹೊತ್ತು ಮುಂದೂಡಿದೆ. ಕಿಟಕಿಯ ಹೊರಗೆ ಬಿಸಿಲು ಬಿದ್ದಿತ್ತು. ನಿಮ್ಮ ಕೊನೆಯ ಸಿನಿಮಾ 'ದೀಪಸ್ತಂಭಕ್ಕೆ ಬಂದ ದನಿ' ಎಲ್ಲ ಮುಗಿದು ಕೊನೆಯ ದೃಶ್ಯವೊಂದು ಬಾಕಿ. ಕಡಲಿಗೆ ಹೋಗಿ ಮರಳದ ಮಗನ ದನಿ ಕಾಪುವಿನ ದೀಪಸ್ತಂಭದ ವೈರ್‌ಲೆಸ್ಸಿಗೆ ನಕ್ಷತ್ರಗಳಾಚೆಯಿಂದ ಬರುತ್ತದೆ. ಅದು ಮಗನಲ್ಲ, ಅವನ ದನಿಯನ್ನು ಎತ್ತಿಕೊಂಡ ಬೇರೇನೋ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಮ್ಮಾ ಹಸಿವು ಎನ್ನುತ್ತಿದೆಯಲ್ಲ, ಅಷ್ಟು ಸಾಕು ಎಂದು ತಾಯಿ ಹೇಳುತ್ತಾಳೆ. ಒಂದು ಸಂಜೆ ಆ ಏನೋ ಒಂದು ಇಳಿದು ಬಂದು ಅವಳ ಮನೆಯ ಕೋಣೆಯನ್ನು ಹೊಗುತ್ತದೆ. ತಾಯಿ ಬಾಗಿಲು ತೆಗೆಯಬೇಕು. ಅಲ್ಲಿಯವರೆಗೆ ತಾಯಿಯ ಬೆನ್ನು ನನ್ನದು, ಕೈ ನನ್ನದು, ದನಿ ನನ್ನದು. "ಮುಖ ಮಾತ್ರ ನಿನ್ನದು ಬೇಡ" ಎಂದಿದ್ದಿರಿ. "ಕಥೆ ಹೇಳಿ ಹೇಳಿ ನಿನ್ನದು ಎಲ್ಲ ಮೊದಲೇ ಗೊತ್ತಿದ್ದವರ ಮುಖ." ಅಂದು ಹಾಸಿಗೆಯಲ್ಲಿ ನನ್ನ ಕೈ ಹಿಡಿದು, "ಬಾಗಿಲಿನವರೆಗೆ ಬಂದೆ ಮಾರಾಯ್ತಿ. ತೆಗೆಯುವವರೇ ಸಿಗಲಿಲ್ಲ" ಎಂದಿರಿ. ಸಿನಿಮಾವನ್ನು ಬಾಗಿಲಲ್ಲಿ ನಿಲ್ಲಿಸಿ ಬಿಡುವುದಿಲ್ಲ ಎಂದು ನಾನು ಹೇಳಿದೆ. ನೀವು ಕೇಳಿಸಿಕೊಂಡಿರಾ, ಅಥವಾ...

ನಿಮ್ಮ ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಹಮೀದಾಕ ನನ್ನನ್ನೂ ಪ್ರತಿಮಾಳನ್ನೂ ಉದ್ಯಾವರದ ಮನೆಗೆ ಕರೆಸಿದರು. ಗಲ್ಫಿನಿಂದ ಬಂದ ಮೇಲೆ ಕೈಯ ದುಡ್ಡು ಹಾಕಿ ಈ ಸಿನಿಮಾವನ್ನು ತಲೆಯ ಮೇಲೆ ಹೊತ್ತವರು ಅವರೇ ಅಲ್ಲವೇ? ನಿಮ್ಮ ದೆವ್ವದ ಹುಡುಗಿ ಪ್ರತಿಮಾ ಈಗ ತಾನೇ ಸಿನಿಮಾ ಮಾಡುವವಳು, ಮಣಿಪಾಲದಲ್ಲಿ ಮಕ್ಕಳಿಗೆ ಕಲಿಸುವವಳು. ಇದನ್ನು ಮುಗಿಸುವ ಹೊಣೆ ಅವಳದ್ದೇ. ಹಮೀದಾಕ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಕಂಪ್ಯೂಟರಿನಲ್ಲಿ ಮಾಡಿಸಿದ ಆಕಾಶದ ಪ್ರಾಣಿ, ಮೈತುಂಬ ಸೊಂಡಿಲು. ಬಾಗಿಲು ತೆಗೆದಾಗ ಒಳಗೆ ಇದು ಕಾಣಬೇಕಂತೆ.

ಪ್ರತಿಮಾ ಅದನ್ನು ಆಚೆ ಈಚೆ ತಿರುಗಿಸಿ ನೋಡಿ, "ಹಮೀದಾಕ, ಇದು ಬೊಂಡಾಸ್ ಮೀನಿಗೆ ಜ್ವರ ಬಂದ ಹಾಗೆ ಉಂಟಲ್ಲ?" ಎಂದಳು.

"ನೀನು ನಗಾಡಬೇಡ. ನನ್ನ ಮೊಮ್ಮಕ್ಕಳು ಕೇಳ್ತಾರೆ, ಅಜ್ಜ, ಬಂದದ್ದು ಎಂತ ಅಂತ ತೋರಿಸದಿದ್ದರೆ ಅದೆಂತ ಸಿನಿಮಾ? ದಾಮಣ್ಣ ಇದ್ದಿದ್ದರೆ ನಾನು ಬಾಯಿ ಮುಚ್ಚಿ ಕೂರುತ್ತಿದ್ದೆ. ಈಗ ಕೊನೆ ಇಲ್ಲದ ಸಿನಿಮಾವನ್ನು ಎಷ್ಟು ದಿನ ಅಂತ ಇಟ್ಟುಕೊಳ್ಳುವುದು? ಬರುವ ಆಟಿಯ ಒಳಗೆ ನೀವು ಕೊನೆ ತನ್ನಿ. ಇಲ್ಲದಿದ್ದರೆ ಈ ಬೊಂಡಾಸೇ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ದಾಮಣ್ಣ. ನಿಮ್ಮ ಹೆಸರಿನ ಸಿನಿಮಾ ಪೆಟ್ಟಿಗೆಯಲ್ಲಿ ಕೊಳೆಯಬಾರದು ಎಂಬುದು ಅವರಿಗೂ ಇತ್ತು. ಆದರೆ ಹಲ್ಲನ್ನು ಕಡಲಿಗೆ ಎಸೆದವರ ಕೊನೆಯ ಸಿನಿಮಾದಲ್ಲಿ ಜ್ವರದ ಬೊಂಡಾಸ್ ಬಾಯಿ ಕಳೆಯುವುದೆಂದರೆ...

ನಮ್ಮ ಹಳೆಯ ಜಗಲಿಗೇ ಹೋದೆ. ಅಲ್ಲಿ ಈಗ ಬೀಡಿ ಕಟ್ಟುವವರು ಕೆಲವರೇ. ಬೀಡಿ ಬ್ರಾಂಚಿನವರು ಎಲೆಯನ್ನೇ ಸರಿಯಾಗಿ ಕೊಡುವುದಿಲ್ಲ ಎಂದು ಬೈಯುತ್ತಾ ಕೂತಿದ್ದರು. ಅವರಿಗೆ ಹಮೀದಾಕನ ಕೊನೆಯನ್ನು ಮನಸ್ಸಿಟ್ಟು ಹೇಳಿದೆ. ಸೊಂಡಿಲು, ಲೋಳೆ, ಉರಿಯುವ ಕಣ್ಣು, ಒಂದನ್ನೂ ಬಿಡಲಿಲ್ಲ. ಕೈಗಳು ಸರಸರ ಓಡುತ್ತಲೇ ಇದ್ದವು. ಒಬ್ಬಳು ನೂಲು ಸುತ್ತುತ್ತಾ, "ಅಷ್ಟು ದೊಡ್ಡದು ಕೋಣೆಯೊಳಗೆ ಹೇಗೆ ಹಿಡಿಸಿತು ಸುಗಂಧಿಯಕ್ಕ?" ಎಂದಳು. ಇನ್ನೊಬ್ಬಳು, "ಅದೆಲ್ಲ ಇರಲಿ. ಅಮ್ಮಾ ಹಸಿವು ಅಂತ ಅಷ್ಟು ದೂರದಿಂದ ಕೂಗಿಕೊಂಡು ಬಂತಲ್ಲ, ಆ ಹೆಂಗಸು ಬಡಿಸಿದಳಾ ಇಲ್ವಾ?" ಎಂದಳು. ಎಲ್ಲರ ಕೈಯೂ ನಿಂತಿತು. ಉತ್ತರಕ್ಕೆ ಕಾಯುತ್ತಾ ನನ್ನನ್ನೇ ನೋಡಿದರು. ಆ ಕ್ಷಣದಲ್ಲಿ ನನಗೆ ಎರ್ಮಾಳಿನ ಆ ಖಾಲಿ ಎಲೆ ಕಣ್ಣಿಗೆ ಕಟ್ಟಿತು. ಬಾಗಿಲು ತೆಗೆಯುವವರನ್ನು ನಾವು ಎಲ್ಲೆಲ್ಲೋ ಹುಡುಕುತ್ತಿದ್ದೆವಲ್ಲ!

ಎರ್ಮಾಳಿಗೆ ಹಮೀದಾಕನ ಕಾರಿನಲ್ಲೇ ಹೋದೆವು, ಪ್ರತಿಮಾ, ನಾನು, ಅವರು. ಕಲ್ಯಾಣಕ್ಕನಿಗೆ ಎಂಬತ್ತು ದಾಟಿದೆ. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. "ದಾಮೋದರ ಹೋದ ಅಂತ ಪೇಪರಿನಲ್ಲಿ ಬಂದದ್ದಾ ನನಗೆ ಗೊತ್ತಾಗಲಿಕ್ಕೆ? ಒಬ್ಬರಾದರೂ ಬಂದು ಹೇಳಬೇಕಲ್ವಾ?" ಎಂದು ಬಾಗಿಲಲ್ಲೇ ಬೈದರು. ಚಹಾ ಕೊಟ್ಟರು. ಸಿನಿಮಾದಲ್ಲಿ ಮುಖ ಬೇಕು ಎಂದಾಗ, "ಈ ಮುಖವಾ? ದೆವ್ವದ ಪಾತ್ರಕ್ಕಾ?" ಎಂದು ನಕ್ಕರು. ಪ್ರತಿಮಾ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು, ಅವರ ಕಾಲ ಬಳಿ ಕುಳಿತಳು.

"ಕಲ್ಯಾಣಕ್ಕ, ಆ ಆಟಿಯಲ್ಲಿ ಎಲೆ ಖಾಲಿ ಮಾಡಿದ್ದು ಲೀಲಕ್ಕ ಅಲ್ಲ. ನಾನು. ದಾಮಣ್ಣನಿಗೂ ಗೊತ್ತಿತ್ತು. ಅವರಿಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ."

ಕಲ್ಯಾಣಕ್ಕ ಅವಳ ಕೆನ್ನೆ ಹಿಂಡಿದರು.

"ಗೊತ್ತುಂಟು ಮಗಾ. ಲೋಟದ ಬಾಯಿಯಲ್ಲಿ ನಿನ್ನ ತುಟಿಯ ಕೆಂಪು ಇತ್ತು. ಲೀಲಾ ಯಾವಾಗ ಕೆಂಪು ಹಚ್ಚಿದವಳು?"

"ಮತ್ತೆ ಎಂತಕ್ಕೆ ಅಷ್ಟು ಅತ್ತದ್ದು?"

"ಅಳದೆ? ಅಷ್ಟು ವರ್ಷ ಬಡಿಸಿದ್ದೆ, ಬಾಗಿಲು ತೆಗೆದರೆ ಎಲ್ಲ ಹಾಗೆಯೇ ಇರುತ್ತಿತ್ತು. ಆ ದಿನ ಒಬ್ಬಳು ಹುಡುಗಿ ಹಸಿದು ಬಂದು ಉಂಡು ಹೋದಳು. ಮದುಮಗಳ ಸೀರೆ ಉಟ್ಟವಳು. ಲೀಲಾ ಬರುವುದಿದ್ದರೆ ಬೇರೆ ಹೇಗೆ ಬರಬೇಕು ಮಗಾ? ಅವಳಿಗೆ ಅವಳ ಮೈ ಎಲ್ಲಿ ಉಂಟು?"

ಹಮೀದಾಕ ಕನ್ನಡಕ ತೆಗೆದು ಒರೆಸತೊಡಗಿದರು. ಕಲ್ಯಾಣಕ್ಕ ನಿಲ್ಲಿಸಲಿಲ್ಲ. ಆ ವರ್ಷದಿಂದ ಆಟಿಯ ಆ ಸಂಜೆ ಹಿಂಬಾಗಿಲಿನ ಅಗುಳಿ ಹಾಕುವುದನ್ನೇ ಬಿಟ್ಟರಂತೆ. "ಬರುವವರು ಬರಲಿ ಅಂತ. ಒಂದು ವರ್ಷ ಆಚೆ ಕಟ್ಟಡದ ಕೆಲಸಕ್ಕೆ ಬಂದಿದ್ದ ಗದಗದ ಕಡೆಯ ಹೆಂಗಸು ಬಂದು ಉಂಡಳು. ಪಾಪ, 'ಭಾಳ ಖಾರ ಐತ್ರಿ ಯವ್ವಾ' ಅಂತ ಹೇಳಿ ಹೋದಳು. ಒಂದು ವರ್ಷ ಬೆಕ್ಕು ಬಂತು. ಅದು ಎಂತ ಹೇಳಲಿಲ್ಲ." ದಾಮಣ್ಣಾ, ನಿಮ್ಮ ಸಿನಿಮಾಗಳಿಂದ ಯಾರಿಗೆ ಏನಾಯಿತು ಎಂದು ನೀವು ಕೊನೆಕೊನೆಗೆ ಕೇಳುತ್ತಿದ್ದಿರಲ್ಲ? ಒಂದು ಮನೆಯ ಹಿಂಬಾಗಿಲು ತೆರೆಯಿತು. ಇದನ್ನು ನಿಮಗೆ ಹೇಳಲಿಕ್ಕೆ ನನಗೆ ಎಷ್ಟು ಅವಸರವಾಗಿತ್ತು ಗೊತ್ತಾ? ಆ ದಿನ ಕಾರಿನಲ್ಲಿ ನಿಮ್ಮ ನಂಬರು ಒತ್ತಿಯೂ ಬಿಟ್ಟಿದ್ದೆ.

ಚಿತ್ರೀಕರಣ ಕಳೆದ ತಿಂಗಳು ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ಆಯಿತು. ಕಲ್ಯಾಣಕ್ಕನೇ ಬಂಗುಡೆ ಮಾಡಿದರು, ಎಲೆ ಹಾಕಿ ಬಡಿಸಿದರು. ಒಳಗೆ ಯಾರೂ ಇರಬಾರದು, ಅವರು ಬಾಗಿಲು ತೆಗೆಯಬೇಕು, ಮುಖದಲ್ಲಿ ಏನು ಬರುತ್ತದೋ ಬರಲಿ ಎಂಬುದು ಪ್ರತಿಮಾಳ ಲೆಕ್ಕ. ಎಲ್ಲರೂ ಫ್ರೇಮಿನಿಂದ ಸರಿಯಿರಿ ಎಂದು ಅವಳು ಕೂಗಿದಾಗ ಹಮೀದಾಕ ಎಲ್ಲಿ ಹೋಗಬೇಕೆಂದು ತಿಳಿಯದೆ ಆ ಕೋಣೆಗೇ ನುಗ್ಗಿದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಲೈಟು ಸರಿಪಡಿಸುವುದರಲ್ಲಿ ತುಂಬ ಹೊತ್ತಾಯಿತು. ಅವರಿಗೆ ಶುಗರು, ಕೈ ನಡುಗಲು ಸುರುವಾಯಿತಂತೆ. ಎದುರಿಗೆ ಎಲೆ.

ಕ್ಯಾಮೆರಾ ಓಡಿತು. ಕಲ್ಯಾಣಕ್ಕ ಬಾಗಿಲಿನ ಹತ್ತಿರ ಬಂದು ಕೆಮ್ಮಿದರು. ಒಳಗಿನಿಂದ ಚೆಂಬಿನಿಂದ ನೀರು ಸುರಿದು ಕೈ ತೊಳೆಯುವ ಸದ್ದು ಬಂತು. ನಮ್ಮ ಜೀವವೇ ಹಾರಿತು. ಕಲ್ಯಾಣಕ್ಕ ಅಲ್ಲಾಡಲಿಲ್ಲ. ಬಾಗಿಲಿನ ಮೇಲಿಟ್ಟ ಕೈ ಹಾಗೆಯೇ ನಿಂತಿತು. ಮುಖ... ಅದೇ ಮುಖ ದಾಮಣ್ಣ. ಎಷ್ಟೋ ವರ್ಷದ ಹಿಂದೆ ನಮ್ಮ ಕೈತಪ್ಪಿ ಹೋದದ್ದು, ಈಗ ಸುಕ್ಕುಗಟ್ಟಿ ಇನ್ನೂ ಚೆಂದವಾಗಿತ್ತು. ಅವರು ಬಾಗಿಲು ತೆಗೆಯದೆ, ಒಳಗಿದ್ದವರಿಗೆ ಕೇಳುವಷ್ಟೇ ಮೆಲ್ಲಗೆ, ಯಾರೂ ಹೇಳಿಕೊಡದ ಮಾತೊಂದನ್ನು ಹೇಳಿದರು: "ಅವಸರ ಇಲ್ಲ ಮಗಾ. ಇನ್ನೂ ಉಂಟು, ಬಡಿಸುತ್ತೇನೆ." ಮತ್ತೆ ಬಾಗಿಲು ತೆಗೆದರು. ಪ್ರತಿಮಾ ಅಲ್ಲಿಗೇ ಕಟ್ ಮಾಡಿದಳು. ಒಳಗೆ ಏನಿತ್ತೆಂದು ಸಿನಿಮಾದಲ್ಲಿ ಇಲ್ಲ.

ಒಳಗಿದ್ದದ್ದು ಒದ್ದೆ ಕೈಯ ಹಮೀದಾಕ! "ಕಲ್ಯಾಣಕ್ಕ, ಇದು ಕುಲೆಗೆ ಬಡಿಸಿದ್ದಾ, ಶೂಟಿಂಗಿಗಾ? ನನಗೆ ಆಗುವುದಿಲ್ಲ ಅಲ್ವಾ ಅದೆಲ್ಲ" ಎಂದು ಅವರು ಗಾಬರಿಯಿಂದ ಕೇಳಿದರು. "ಶೂಟಿಂಗಿಗೆ ಮಾರಾಯ್ರೇ, ಆಟಿ ಇನ್ನೂ ಬರಲಿಲ್ಲ. ಖಾರ ಸರಿ ಉಂಟಾ?" ಎಂದರು ಕಲ್ಯಾಣಕ್ಕ. ಆ ದೃಶ್ಯವನ್ನು ಆಗಲೇ ಹಾಕಿ ತೋರಿಸಿದಾಗ ಹಮೀದಾಕ ಎರಡು ಸಲ ನೋಡಿದರು. ಆಮೇಲೆ ಮೊಬೈಲು ತೆಗೆದು ಬೊಂಡಾಸಿನ ಚಿತ್ರವನ್ನು ನಮ್ಮ ಎದುರೇ ಅಳಿಸಿದರು. "ಮೊಮ್ಮಕ್ಕಳು ಕೇಳಿದರೆ ಎಂತ ಹೇಳ್ತೀರಿ?" ಎಂದು ಪ್ರತಿಮಾ ಕೆಣಕಿದಳು. "ಒಳಗೆ ನಿಮ್ಮ ಅಜ್ಜ ಇದ್ದ ಅಂತ ಹೇಳ್ತೇನೆ. ಅದಕ್ಕಿಂತ ಹೆದರಿಕೆಯದ್ದು ಎಂತ ಬೇಕು ಅವರಿಗೆ?"

ಮೊನ್ನೆ ಸಿನಿಮಾವನ್ನು ಮೊದಲು ತೋರಿಸಿದ್ದು ನಮ್ಮ ಜಗಲಿಯಲ್ಲಿ, ಗೆರಸೆಗಳ ಎದುರು. ನೀರಿನ ಸದ್ದು ಬಂದಾಗ ನಾನು ಪರದೆ ನೋಡಲಿಲ್ಲ, ನೀವು ಕಲಿಸಿದ ಹಾಗೆ ಕೈ ನೋಡಿದೆ. ನಿಂತವು ದಾಮಣ್ಣ. ಸಿನಿಮಾ ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಬೀಡಿಯ ಎಲೆ ಮುಟ್ಟಲಿಲ್ಲ. ಮತ್ತೆ ಮಣಿಪಾಲದಲ್ಲಿ ತೋರಿಸಿದರು. ಅಲ್ಲಿಯ ಮಕ್ಕಳು ಕತ್ತಲಲ್ಲೂ ಮಡಿಲಿನ ಮೊಬೈಲಿನಲ್ಲಿ ಹೆಬ್ಬೆರಳು ಓಡಿಸುತ್ತಲೇ ಇರುತ್ತಾರೆ. ಕಲ್ಯಾಣಕ್ಕ ಕೆಮ್ಮಿದ ಮೇಲೆ ಒಂದು ಹೆಬ್ಬೆರಳೂ ಅಲ್ಲಾಡಲಿಲ್ಲ. ಆ ಮಕ್ಕಳು ಈಗ ಫೋನಿನಲ್ಲೇ ಪುಟ್ಟ ಪುಟ್ಟ ದೆವ್ವದ ಸಿನಿಮಾ ಮಾಡುತ್ತಾರೆ. ಒಬ್ಬಳು ತನ್ನದನ್ನು ನನಗೆ ತೋರಿಸಿದಳು. ದೆವ್ವ ಎಲ್ಲಿ ಎಂದು ಕೇಳಿದೆ. "ತೋರಿಸಬಾರದಲ್ಲ ಆಂಟಿ, ಗೊತ್ತಿಲ್ವಾ?" ಎಂದಳು, ನನಗೆ ಹೊಸ ಪಾಠ ಹೇಳಿಕೊಡುವವಳ ಹಾಗೆ. ನಾನು ಗೊತ್ತಿಲ್ಲ ಎಂದೆ. ಹೇಳಿಕೊಡಲಿ, ಅಲ್ಲವೇ?

ಇನ್ನು ಸ್ವಲ್ಪ ದಿನದಲ್ಲಿ ಆಟಿ. ಕಲ್ಯಾಣಕ್ಕ ಹೇಳಿ ಕಳುಹಿಸಿದ್ದಾರೆ, ಈ ಸಲ ಲೀಲಾಳ ಎಲೆಯ ಪಕ್ಕದಲ್ಲಿ ನಿಮಗೊಂದು ಎಲೆ. ಬಂಗುಡೆಗೆ ಹುಳಿ ಸ್ವಲ್ಪ ಮುಂದೆ ಇರಬೇಕು ಎಂದು ನಾನು ನೆನಪಿಸಿದ್ದೇನೆ. ಪ್ರತಿಮಾ ಬರುತ್ತಾಳೆ. ಹಮೀದಾಕ ಅಂಗಳದವರೆಗೆ ಬರುತ್ತಾರೆ, ಬರುವಾಗ ಬಿಸ್ಕೆಟು ತರುತ್ತಾರೆ. ಹಿಂಬಾಗಿಲಿಗೆ ಅಗುಳಿ ಇರುವುದಿಲ್ಲ. ಯಾರ ಮೈಯಲ್ಲಿ ಬರುತ್ತೀರೋ ಬನ್ನಿ, ಕೆಲಸ ಮುಗಿಸಿ ದಣಿದವರಾಗಿ, ದಾರಿ ತಪ್ಪಿದ ಹುಡುಗಿಯಾಗಿ, ಬೆಕ್ಕಾಗಿಯಾದರೂ. ನಾವು ಯಾರೆಂದು ಕೇಳುವುದಿಲ್ಲ. ನಾನು ಬಾಗಿಲಿನ ಹೊರಗೆ ಕೂತಿರುತ್ತೇನೆ. ಕೈ ತೊಳೆಯುವ ಸದ್ದು ಕೇಳುವವರೆಗೆ ಕೆಮ್ಮುವುದಿಲ್ಲ.

ನಿಮ್ಮ
ಸುಗಂಧಿ